ದಾವಣಗೆರೆಯಿಂದ ಮೀನುಗಾರರ ಊರುಗಳಿಗೆ ಕ್ಯಾರವಾನಿನಲ್ಲಿ: ಬೇಸಿಗೆಯಲ್ಲಿ ಹೊರಡುವವರಿಗಾಗಿ

ಬಾಡಿಗೆಗೆ ತಂದಿದ್ದ ಕ್ಯಾರವಾನ್, ಅಂದರೆ ಹಾಸಿಗೆ, ಒಲೆ, ಶೌಚಾಲಯ ಎಲ್ಲ ಒಳಗೇ ಇರುವ ಗಾಡಿ, ವಾಪಸ್ ಹೋಗಿದೆ, ಡಿಪಾಸಿಟ್ ದುಡ್ಡು ಅಕೌಂಟಿಗೆ ಬಂದಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಹೊರಡುವ ಮುಂಚೆ ನಾನು ಕೇಳಿದವರೆಲ್ಲ ಫೋಟೋ ತೋರಿಸಿದರೇ ಹೊರತು, ರಾತ್ರಿ ಗಾಡಿ ಎಲ್ಲಿ ನಿಲ್ಲಿಸಬೇಕು, ನೀರು ಎಲ್ಲಿ ತುಂಬಿಸಬೇಕು, ಶೌಚದ ಡಬ್ಬಿ ಎಲ್ಲಿ ಖಾಲಿ ಮಾಡಬೇಕು ಅನ್ನುವುದನ್ನು ಒಬ್ಬರೂ ಹೇಳಲಿಲ್ಲ. ಅಲ್ಲಿ ಹೋಗಿ ನಿಂತ ಮೇಲೆ ಬೇಕಾಗುವುದು ಈ ಮೂರೇ.

ನಾವು ಕ್ಯಾರವಾನ್ ಹಿಡಿದದ್ದು ಶೋಕಿಗಲ್ಲ. ಅವ್ವನಿಗೆ ಎರಡೂ ಮೊಣಕಾಲು ಸವೆದಿವೆ, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ದಾರಿಯಲ್ಲಿ ಕಮೋಡ್ ಸಿಗದಿದ್ದರೆ ಅನ್ನೋ ಭಯಕ್ಕೆ ಮದುವೆ ಮನೆಗಳಿಗೂ ಬರುವುದನ್ನು ಬಿಟ್ಟಿದ್ದರು. ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿ ದುಡಿದವರು. ಸಮುದ್ರವನ್ನು ಯಾವಾಗಲೋ ಯಾತ್ರೆಗೆ ಹೋದಾಗ ದೂರದಿಂದ ನೋಡಿದ್ದರಂತೆ. ಬೋಟು ಬಂದು ಮೀನು ಇಳಿಸುವುದನ್ನು ಹತ್ತಿರದಿಂದ ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಲು ಕಮೋಡ್ ಇರುವ ಗಾಡಿಯೇ ಬೇಕಿತ್ತು.

ಮೊದಲು ತಿಂಗಳ ವಿಚಾರ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಮಳೆಗಾಲದ ಕಡಲೂ ಬಿರುಸು. ಆಗ ನಾಡದೋಣಿಗಳಿಗೆ ಮಾತ್ರ ಅವಕಾಶ. ಹಾಗಾಗಿ ಬಂದರಿನ ಗದ್ದಲ ನೋಡಬೇಕಿದ್ದರೆ ಮೇ ಮುಗಿಯುವುದರೊಳಗೆ ಹೋಗಬೇಕು. ಆದರೆ ಮೇ ಕೊನೆಯ ವಾರವನ್ನೂ ನಂಬಬೇಡಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ಎಲ್ಲ ಲೆಕ್ಕ ಹಾಕಿ ನಾವು ಮೇ ನಡುಭಾಗ ಆರಿಸಿಕೊಂಡೆವು. ಶಾಲೆಗೆ ರಜೆ, ಹಾಗಾಗಿ ಮಗಳೂ ಬಂದಳು.

ಗಾಡಿ ಹುಡುಕುವುದೇ ದೊಡ್ಡ ಕೆಲಸವಾಯಿತು. ದಾವಣಗೆರೆಯಲ್ಲಿ ಟೆಂಪೋ ಟ್ರಾವೆಲರ್ ಎಷ್ಟು ಬೇಕಾದರೂ ಸಿಗುತ್ತವೆ, ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಇರುವುದು ಸಿಗಲಿಲ್ಲ. ಕೊನೆಗೆ ಬೆಂಗಳೂರಿನಿಂದ ತರಿಸಿದೆವು. ದಿನಕ್ಕೆ ಬಾಡಿಗೆ 12,000 ರೂಪಾಯಿ, ಡ್ರೈವರ್ ಬಾಟಾ 800, ಡೀಸೆಲ್ ನಮ್ಮದು, ಡಿಪಾಸಿಟ್ 25,000. ದಿನಕ್ಕೆ 250 ಕಿಲೋಮೀಟರ್ ಮೀರಿದರೆ ಮೇಲಿನದ್ದಕ್ಕೆ ಬೇರೆ ದರ. ಇದೆಲ್ಲ ಫೋನಿನಲ್ಲಿ ಹೇಳಿದ್ದು. ಕಿಲೋಮೀಟರ್ ಲೆಕ್ಕ ಶುರುವಾಗುವುದು ನಮ್ಮ ಮನೆ ಬಾಗಿಲಿಂದಲ್ಲ, ಅವರ ಶೆಡ್ಡಿನಿಂದ ಅನ್ನುವುದು ಗೊತ್ತಾಗಿದ್ದು ಕರಾರು ಪತ್ರ ಕೈಗೆ ಬಂದಾಗ. ಅಂದರೆ ಬೆಂಗಳೂರು–ದಾವಣಗೆರೆ ಖಾಲಿ ಓಡಾಟ, ಹೋಗಿ ಬರುವುದು ಸೇರಿ ಐನೂರು ಕಿಲೋಮೀಟರಿಗೂ ಮೇಲೆ, ನಮ್ಮ ತಲೆಯ ಮೇಲೆ. ಜೊತೆಗಿರುವವರು ಗಟ್ಟಿಮುಟ್ಟಾಗಿದ್ದರೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದಲೇ ಗಾಡಿ ಹತ್ತಿ, ಒಂದು ಕಡೆಯ ಖಾಲಿ ಓಡಾಟವಾದರೂ ಉಳಿಯುತ್ತದೆ. ಅವ್ವನನ್ನು ಹಾಗೆ ಸುತ್ತಿಸಲು ನನಗೆ ಮನಸ್ಸು ಬರಲಿಲ್ಲ, ಕೊಟ್ಟೆವು.

ನಾನೇ ಓಡಿಸಬಹುದಾ ಅಂತಲೂ ವಿಚಾರಿಸಿದೆ. ಕಾರಿನ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆಜಿ ಒಳಗಿನ ಬಾಡಿಗೆ ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಆದರೆ ಗಾಡಿಯವರು ಡ್ರೈವರ್ ಇಲ್ಲದೆ ಕೊಡುವುದಿಲ್ಲ ಎಂದರು. ಘಟ್ಟ ಇಳಿದ ಮೇಲೆ ಅದೇ ಒಳ್ಳೆಯದಾಯಿತು ಅನ್ನಿಸಿತು. ಡ್ರೈವರ್ ಎಲ್ಲಿ ಮಲಗುತ್ತಾರೆ ಅನ್ನುವುದನ್ನು ಮಾತ್ರ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಒಳಗೆ ನಾಲ್ಕು ಹಾಸಿಗೆ, ಮಗಳು ಸೇರಿ ನಾವು ಐದು ಜನ. ಮುಂದಿನ ಸೀಟಿನಲ್ಲಿ ಒರಗಿಕೊಂಡು ರಾತ್ರಿ ಕಳೆದ ಮನುಷ್ಯನ ಕೈಗೆ ಮರುದಿನ ಘಟ್ಟದ ಸ್ಟೇರಿಂಗ್ ಕೊಡುವುದು ಸರಿಯಲ್ಲ. ಅವರಿಗೆ ಪ್ರತಿ ರಾತ್ರಿ ಲಾಡ್ಜಿನಲ್ಲೋ ಹೋಂಸ್ಟೇಯಲ್ಲೋ ಒಂದು ರೂಮು ಹಿಡಿದೆವು, ಐನೂರು ಆರುನೂರಕ್ಕೆ ಸಿಕ್ಕಿತು.

ಗಾಡಿ ಬಂದ ಕೂಡಲೇ ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಫಿಟ್ನೆಸ್ ಪತ್ರ), ಪರ್ಮಿಟ್, ಎಮಿಷನ್ ಎಲ್ಲದರ ಫೋಟೋ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಡ್ರೈವರ್ ಸಮೇತ ಬರುವ ಬಾಡಿಗೆ ಗಾಡಿಯಾದರೆ ನಂಬರ್ ಪ್ಲೇಟ್ ಹಳದಿ ಇರಬೇಕು, ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ಹೋಗಬೇಡಿ. ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಜೊತೆಗೆ ಒಳಗೂ ಹೊರಗೂ ಒಂದು ವಿಡಿಯೋ ಮಾಡಿಕೊಳ್ಳಿ. ಇದು ಮುಂದೆ ನನ್ನ ದುಡ್ಡು ಉಳಿಸಿತು.

ದಾರಿ ಆರಿಸುವಾಗ ಆಗುಂಬೆಯನ್ನು ಮೊದಲೇ ಬಿಟ್ಟೆವು. ಅದರ 14 ಹೇರ್‌ಪಿನ್ ತಿರುವು, ಕಡಿದಾದ ಇಳಿಜಾರು ಈ ಗಾಡಿಗೆ ತಕ್ಕದ್ದಲ್ಲ. ಹೊನ್ನಾಳಿ, ಶಿವಮೊಗ್ಗ, ಸಾಗರ, ಜೋಗದ ಹತ್ತಿರದ ಮಾವಿನಗುಂಡಿ, ಅಲ್ಲಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಸುಮಾರು 250 ಕಿಲೋಮೀಟರ್. ಸಾಗರದವರೆಗೆ ಅವ್ವ ಕಿಟಕಿ ಪಕ್ಕ ಕೂತು ಮಂಡಕ್ಕಿ ತಿನ್ನುತ್ತಾ ಬಂದರು. ಘಟ್ಟದಲ್ಲಿ ಮಾತ್ರ ಒಳಗಿನ ಪಾತ್ರೆ, ಡಬ್ಬಿ ಎಲ್ಲ ಉರುಳಾಡಿದವು. ಮಾವಿನಗುಂಡಿಯಲ್ಲಿ ಗಾಡಿ ನಿಲ್ಲಿಸಿ, ಕಪಾಟುಗಳಿಗೆ ಚಿಲಕ ಹಾಕಿ, ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಎಲ್ಲರೂ ಬೆಲ್ಟ್ ಹಾಕಿಕೊಂಡು ಕೂತು ಇಳಿಯಿರಿ. ಓಡುತ್ತಿರುವಾಗ ಹಾಸಿಗೆಯ ಮೇಲೆ ಮಲಗುವುದು ಅಪಾಯ. ಅವ್ವನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು.

ಮೊದಲ ರಾತ್ರಿ ಕಾಸರಕೋಡಿನಲ್ಲಿ, ಶರಾವತಿ ಸಮುದ್ರ ಸೇರುವಲ್ಲಿ, ದಡದ ಹತ್ತಿರ ನಿಲ್ಲೋಣ ಅಂದುಕೊಂಡಿದ್ದೆವು. ಅಲ್ಲಿನ ಬೀಚಿಗೆ 2020ರಲ್ಲಿ ಚೊಕ್ಕಟ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಬಹಳ ಚೊಕ್ಕಟವಾಗಿದೆ. ಕತ್ತಲಾದ ಮೇಲೆ ನಿಲ್ಲುವಂತಿಲ್ಲ, ಅಡುಗೆ ಮಾಡುವಂತಿಲ್ಲ ಎಂದು ಕಾವಲಿನವರು ಸಮಾಧಾನವಾಗಿಯೇ ಹೇಳಿದರು. ಅದು ನ್ಯಾಯವೇ. ಹೊನ್ನಾವರದ ಕಡೆ ತಿರುಗಿ ಬಂದರೆ ಒಂದು ಲಾಡ್ಜಿನ ಗೇಟಿಗೆ ಗಾಡಿಯ ಎತ್ತರ ಹಿಡಿಸಲಿಲ್ಲ, ಇನ್ನೊಂದರಲ್ಲಿ ಜಾಗವಿಲ್ಲ. ಕೊನೆಗೆ ಹೆದ್ದಾರಿಯ ಪೆಟ್ರೋಲ್ ಬಂಕಿನವರು ಬೆಳಗಿನ ಐದರವರೆಗೆ ಇರಿ ಎಂದರು.

ಆ ರಾತ್ರಿಯೇ ಎಸಿಯ ವಿಷಯ ಬಯಲಿಗೆ ಬಂತು. ರಾತ್ರಿಯಿಡೀ ಎಸಿ ಓಡುತ್ತದೆ ಎಂದು ಗಾಡಿಯವರು ಹೇಳಿದ್ದರು. ಒಳಗಿನ ಬ್ಯಾಟರಿ 12 ವೋಲ್ಟಿನ 200 ಆಂಪಿಯರ್-ಅವರ್, ಅಂದರೆ ಪೂರ್ತಿ ತುಂಬಿದ್ದರೂ ಎರಡೂವರೆ ಯೂನಿಟ್ ಕರೆಂಟಿಗೂ ಕಡಿಮೆ. ಎಸಿ ಗಂಟೆಗೆ ಒಂದು ಯೂನಿಟ್ಟಿಗಿಂತ ಹೆಚ್ಚು ಎಳೆಯುತ್ತದೆ. ಎರಡು ಗಂಟೆ ತುಂಬುವುದರೊಳಗೆ ನಿಂತಿತು. ನಮ್ಮ ದಾವಣಗೆರೆಯ ಬಿಸಿಲು ಎಷ್ಟೇ ಸುಟ್ಟರೂ ರಾತ್ರಿ ಅಂಗಳದಲ್ಲಿ ಗಾಳಿ ತಣ್ಣಗಾಗುತ್ತದೆ. ಕರಾವಳಿಯ ಮೇ ಹಾಗಲ್ಲ, ನಡುರಾತ್ರಿಯಲ್ಲೂ ಬೆವರು ಆರುವುದಿಲ್ಲ. ತಗಡಿನ ಗಾಡಿಯೊಳಗೆ ಅವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದರು. ಅವರನ್ನು ಇಲ್ಲಿಗೆ ಕರೆತಂದು ಕಷ್ಟಕ್ಕೆ ಹಾಕಿದೆನಲ್ಲ ಎಂದು ನನಗೆ ಹೊಟ್ಟೆ ಸಂಕಟವಾಯಿತು. ಅವರು ಮಾತ್ರ, "ಬಿಡಪ, ಬೆಳಗಾಗ್ತತಿ" ಎಂದರು.

ಬೆಳಗಾದ ಮೇಲೆ ನಾನು ಮಾಡಿದ್ದು ಇಷ್ಟು, ನೀವು ಹೊರಡುವ ಮುಂಚೆಯೇ ಮಾಡಿ. ಅಂಗಳ ದೊಡ್ಡದಿರುವ ಹೋಂಸ್ಟೇಗಳಿಗೆ ಫೋನ್ ಮಾಡಿ ರೂಮು ಕೇಳುವ ಬದಲು ಮೂರು ಪ್ರಶ್ನೆ ಕೇಳಿದೆ: ಹತ್ತು ಅಡಿ ಎತ್ತರದ ಗಾಡಿ ಒಳಗೆ ಬರುತ್ತದಾ, 16 ಆಂಪಿಯರಿನ ಪ್ಲಗ್ ಪಾಯಿಂಟು ಅರ್ಥಿಂಗ್ ಸಮೇತ ಇದೆಯಾ, ಬಾವಿಯಲ್ಲೋ ಬೋರಿನಲ್ಲೋ ನೂರು ಲೀಟರ್ ನೀರು ಕೊಡುವಷ್ಟು ಇದೆಯಾ? ಕೆಲವರು ಆಗುವುದಿಲ್ಲ ಎಂದರು. ಒಪ್ಪಿದವರು ರಾತ್ರಿಗೆ 500ರಿಂದ 800 ತಗೊಂಡರು. ದಪ್ಪ ತಂತಿಯ ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡ್ ಹೊನ್ನಾವರದಲ್ಲೇ ಕೊಂಡೆ. ಗಾಡಿಯಲ್ಲಿದ್ದ ತೆಳು ವೈರು ಮುಟ್ಟಿದರೆ ಬಿಸಿಯಾಗುತ್ತಿತ್ತು. ಅಲ್ಲಿಂದ ಮುಂದೆ ಎಸಿ ರಾತ್ರಿಯಿಡೀ ಓಡಿತು.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ದುಡ್ಡಿನ ಮಾತಲ್ಲ. ಕುಮಟಾ ಹತ್ತಿರ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಊರೊಂದರಲ್ಲಿ ನೀರು ಕೇಳಲು ಒಂದು ಮನೆಗೆ ಹೋದೆ. ಆ ಮನೆಯ ಹೆಂಗಸು ಬಾವಿ ತೋರಿಸಿ, "ತಗೊಳ್ಳಿ, ಅಡ್ಡಿಲ್ಲ. ಆದ್ರೆ ಉಪ್ಪು. ಸಿಹಿ ನೀರು ಟ್ಯಾಂಕರ್ ಬಂದ್ರೆ ಮಾತ್ರ, ನಮಗೂ ಇಷ್ಟೇ ಕೊಡ ಅಂತ ಲೆಕ್ಕ" ಎಂದರು. ಬೇಸಿಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದಾಗ ಕಡಲು ಉಕ್ಕುವ ಭರತದ ಜೊತೆ ಉಪ್ಪುನೀರು ಮೇಲೆ ಹತ್ತುತ್ತದೆ, ದಡದ ಬಾವಿಗಳಿಗೂ ಇಳಿಯುತ್ತದೆ. ಕಣ್ಣ ಮುಂದೆ ಅಷ್ಟು ನೀರಿದ್ದೂ ಕುಡಿಯುವ ನೀರಿಗೆ ಇಷ್ಟೇ ಬಿಂದಿಗೆ ಎನ್ನುವ ಲೆಕ್ಕ. ನಾವು ಒಂದು ಸಲ ಟ್ಯಾಂಕ್ ತುಂಬಿಸಿದರೆ ಆ ಮನೆಯ ಎಷ್ಟು ಹೊತ್ತಿನ ನೀರು ಹೋಗುತ್ತದೆ ಎಂದು ನೋಡಿ ನಾನು ಕೈ ಮುಗಿದು ಹೊರಟೆ. ದಯವಿಟ್ಟು ಮೀನುಗಾರರ ಕೇರಿಗಳಲ್ಲಿ ಮೇ ತಿಂಗಳಲ್ಲಿ ನೀರು ಕೇಳಬೇಡಿ, ಅವರು ಇಲ್ಲ ಎನ್ನುವುದಿಲ್ಲ, ಅದೇ ಕಷ್ಟ. ಹೆದ್ದಾರಿಯ ಬಂಕುಗಳಲ್ಲಿ, ದೊಡ್ಡ ಊರಿನ ಲಾಡ್ಜುಗಳಲ್ಲಿ ತುಂಬಿಸಿಕೊಳ್ಳಿ. ಕುಡಿಯಲು, ಅಡುಗೆಗೆ 20 ಲೀಟರಿನ ಕ್ಯಾನ್ ಇಡಿ. ಉಪ್ಪುನೀರನ್ನು ಟ್ಯಾಂಕಿಗೆ ಬಿಟ್ಟರೆ ಪಂಪು ಹಾಳಾಗುತ್ತದೆ.

ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿದ್ದರು. ಕೆಸರಿನಲ್ಲಿ ಕಾಲಿನಿಂದಲೇ ಹುಡುಕಿ ಬುಟ್ಟಿಗೆ ಹಾಕುತ್ತಾರೆ. ಈ ಅಳಿವೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಮಗಳು ಅವರ ಜೊತೆ ನೀರಿಗಿಳಿದು ನಾಲ್ಕು ಚಿಪ್ಪು ಆರಿಸಿದಳು, ಬಂದಾಗ ಪಾದ ಗೀಚಿಕೊಂಡಿತ್ತು. ಚಿಪ್ಪು ಬ್ಲೇಡಿನ ಹಾಗೆ. ಹಳೆಯ ಶೂ ಇಲ್ಲದೆ ಇಳಿಯಬೇಡಿ.

ಶೌಚದ ಡಬ್ಬಿಯ ವಿಷಯ ಬರೆಯಲು ಸಂಕೋಚವಿಲ್ಲ. ನಮ್ಮ ಪ್ರವಾಸವೇ ಅದಕ್ಕಾಗಿ. ಗಾಡಿಯ ಕಮೋಡಿನ ಕೆಳಗೆ ಸುಮಾರು 20 ಲೀಟರಿನ ಡಬ್ಬಿ ಇರುತ್ತದೆ, ಅದರಲ್ಲಿ ಔಷಧ ಹಾಕಿರುತ್ತಾರೆ. ಎಲ್ಲರೂ ಬಳಸಿದರೆ ಎರಡು ದಿನವೂ ಬರುವುದಿಲ್ಲ. ಇದನ್ನು ಖಾಲಿ ಮಾಡಲೆಂದೇ ಇರುವ ವ್ಯವಸ್ಥೆ ದಾರಿಯುದ್ದಕ್ಕೂ ನಮಗೆ ಕಣ್ಣಿಗೆ ಬೀಳಲಿಲ್ಲ. ನಾವು ಗಟ್ಟಿಮುಟ್ಟಾದವರು ಹಗಲು ಬಂಕಿನ ಶೌಚಾಲಯ ಬಳಸಿ, ಗಾಡಿಯದನ್ನು ಅವ್ವನಿಗೆ ಮತ್ತು ರಾತ್ರಿಗೆ ಮೀಸಲಿಟ್ಟೆವು. ಡಬ್ಬಿಯನ್ನು ಹೋಂಸ್ಟೇಯವರನ್ನು ಕೇಳಿಯೇ ಅವರ ಕಕ್ಕಸಿಗೆ ಸುರಿದು, ನಾನೇ ತೊಳೆದು ಕೊಟ್ಟೆ. ಒಬ್ಬರು ಔಷಧ ಬಿದ್ದರೆ ಸೆಪ್ಟಿಕ್ ಟ್ಯಾಂಕ್ ಕೆಡುತ್ತದೆ ಎಂದು ಬೇಡವೆಂದರು. ಅವರ ಮಾತು ನಿಜ, ಫಾರ್ಮಾಲಿನ್ ಥರದ ಔಷಧ ಗುಂಡಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕಿಣ್ವದ ಔಷಧ ಸಿಗುತ್ತದೆ, ಗಾಡಿಯವರಿಂದ ಅದನ್ನೇ ಕೇಳಿ ಪಡೆಯಿರಿ. ಹೊಳೆಗೆ, ಚರಂಡಿಗೆ, ದಡದ ಗಾಳಿಮರದ ತೋಪಿಗೆ ಸುರಿದು ಹೋಗುವ ಯೋಚನೆಯೇ ಬೇಡ. ಅದೇ ನೀರಿನಲ್ಲಿ ಆ ಹೆಂಗಸರು ದಿನಾ ನಿಲ್ಲುತ್ತಾರೆ.

ಕುಮಟಾದಿಂದ ದಕ್ಷಿಣಕ್ಕೆ, ಭಟ್ಕಳ ದಾಟಿ ಕುಂದಾಪುರದ ಕಡೆ ಹೆದ್ದಾರಿ 66ರಲ್ಲಿ ಸುಲಭವಾಗಿ ಹೋದೆವು. ಟೋಲಿನಲ್ಲಿ ನಮ್ಮ ಗಾಡಿಗೆ ಕಾರಿನ ದರವಲ್ಲ, ಮಿನಿ ಬಸ್ಸಿನ ದರ ಬಿತ್ತು, ಫಾಸ್ಟ್ಯಾಗಿನಲ್ಲಿ ದುಡ್ಡು ಹೆಚ್ಚಿಡಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಅಪ್ಪ ಎದ್ದು ನಿಂತು ಎರಡೂ ಕಡೆ ನೋಡಿದರು. ಲಾರಿಗಳ ಓಟ ಜೋರು, ರಸ್ತೆ ಅಂಚಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಮಳೆ ಶುರುವಾದ ಮೇಲಂತೂ ಗುಡ್ಡ ಕತ್ತರಿಸಿದ ಜಾಗದ ಕೆಳಗೆ ನಿಲ್ಲಲೇಬೇಡಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತದ್ದು ನೆನಪಿರಲಿ.

ಕುಂದಾಪುರದ ಹತ್ತಿರದ ಮೀನುಗಾರಿಕೆ ಬಂದರು ಗಂಗೊಳ್ಳಿಯಲ್ಲಿ ನಾವು ಹೆಚ್ಚು ದಿನ ಉಳಿದೆವು. ಊರಿನ ಒಳದಾರಿ ಕಿರಿದು, ಎರಡೂ ಕಡೆ ಚಿರೆಕಲ್ಲಿನ ಕಾಂಪೌಂಡ್ ಗೋಡೆ, ಮೇಲೆ ಜೋತುಬಿದ್ದ ಕರೆಂಟು ತಂತಿ, ತೆಂಗಿನ ಗರಿ. ಗಾಡಿಯ ಮೇಲೆ ಎಸಿ ಕೂತಿರುವುದರಿಂದ ನಾನು ಮುಂದೆ ನಡೆದು ನೋಡಿ ಕೈ ತೋರಿಸಿದ ಮೇಲೆಯೇ ಡ್ರೈವರ್ ಬಿಟ್ಟದ್ದು. ಬಂದರಿನ ಗೇಟಿನ ಹತ್ತಿರ ನಿಲ್ಲಿಸಲು ಹೋದಾಗ ಒಬ್ಬ ಹುಡುಗ ಓಡಿ ಬಂದು, "ಇಲ್ ಬ್ಯಾಡ ಮರ್ರೆ, ಐಸಿನ್ ಗಾಡಿ ಬತ್ತ್" ಎಂದ. ಐಸಿನ ಗಾಡಿ ತಡವಾದರೆ ಮೀನಿನ ದರ ಬೀಳುತ್ತದೆ, ಅದು ಅವರ ಇಡೀ ದಿನದ ದುಡಿಮೆ. ದೂರದ ಮೈದಾನದಲ್ಲಿ ಬಿಟ್ಟು ನಡೆದು ಹೋದೆವು.

ನಸುಕಿನಲ್ಲಿ ಬೋಟುಗಳು ಬಂದವು. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ ಬುಟ್ಟಿ ಬುಟ್ಟಿ ಇಳಿದವು. ಹರಾಜು ಕೂಗುವವರ ವೇಗಕ್ಕೆ ನಮಗೆ ಒಂದು ಮಾತೂ ಹಿಡಿಯಲಾಗಲಿಲ್ಲ. ನೆಲವೆಲ್ಲ ಜಾರು, ಅವ್ವನನ್ನು ಕರೆದೊಯ್ಯಲಿಲ್ಲ. ಸೀಸನ್ ಮುಗಿಯುತ್ತಾ ಬಂದಿದ್ದರಿಂದ ಕೆಲವು ಬೋಟಿನವರು ಆಗಲೇ ಬಲೆ ಇಳಿಸಿ ದಡದಲ್ಲಿ ಹರಡಿ ರಿಪೇರಿಗೆ ಕೂತಿದ್ದರು. ಅಪ್ಪ ಅಲ್ಲೇ ನಿಂತುಬಿಟ್ಟರು.

ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು, "ಯಾವೂರಾಯ್ತು ನಿಮ್ದು?" ಎಂದರು. ಅಪ್ಪ, "ದಾವಣಗೆರಿ ರೀ. ಮಿಲ್ಲಿನಾಗಿದ್ದೆ, ನೂಲಿನ ಖಾತೆ" ಎಂದು ನೆಲದ ಮೇಲೆ ಕೂತು ಬಲೆಯ ಎಳೆ ಹಿಡಿದು ಬೆರಳಲ್ಲಿ ತಿರುಚಿ ನೋಡಿದರು. ನೈಲಾನು. ಆ ಹಿರಿಯರು ತಮ್ಮ ಅಪ್ಪನ ಕಾಲದಲ್ಲಿ ಹತ್ತಿ ನೂಲಿನ ಬಲೆ ಇದ್ದದ್ದು, ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದದ್ದು, ಪ್ರತಿ ಸಲ ಒಣಗಿಸದಿದ್ದರೆ ಕೊಳೆಯುತ್ತಿದ್ದದ್ದು ಹೇಳಿದರು. ಎಳೆ ಎಷ್ಟು ಹುರಿ ಇತ್ತು, ಎಡಕ್ಕೆ ತಿರುಚಿದ್ದೋ ಬಲಕ್ಕೋ ಎಂದು ಅಪ್ಪ ಕೇಳಿದರು. ಇಬ್ಬರಿಗೂ ಹೊತ್ತು ಹೋದದ್ದು ತಿಳಿಯಲಿಲ್ಲ. ಗಿರಣಿ ನಿಂತ ಮೇಲೆ ಅಪ್ಪ ತಮ್ಮ ಕೆಲಸದ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಖರ್ಚು, ನಿದ್ದೆಗೆಟ್ಟ ರಾತ್ರಿ ಎಲ್ಲ ಆ ಹೊತ್ತಿಗೆ ನನ್ನ ಮನಸ್ಸಿನಿಂದ ಇಳಿದು ಹೋಯಿತು.

ಮೀನು ಕೊಂಡರೂ ಗಾಡಿಯಲ್ಲಿ ಬೇಯಿಸುವ ಹಾಗಿಲ್ಲ, ಕರಾರಿನಲ್ಲೇ ಬರೆದಿತ್ತು. ಹೋಂಸ್ಟೇಯ ಯಜಮಾನಿ ಹಿತ್ತಲಿನ ಒಲೆ ಬಿಟ್ಟುಕೊಟ್ಟರು. ನನ್ನ ಹೆಂಡತಿ ಅವರ ಜೊತೆ ಕೂತು ಬಂಗುಡೆ ಸಾರು ಕಲಿತಳು, ಹುಳಿಗೆ ಮುರುಗಲು ಹಾಕಿದರು. ಅವ್ವ ಮೀನು ಮುಟ್ಟುವುದಿಲ್ಲ, ಗಾಡಿಯ ಒಲೆಯಲ್ಲಿ ತಮಗೆ ಬೇಕಾದ ಹಾಗೆ ಅನ್ನ, ಬೇಳೆಸಾರು ಮಾಡಿಕೊಂಡರು. ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಆ ಮನೆಯವರಿಗೆ ಹೋಯಿತು.

ವಾಪಸ್ ಬರುವಾಗ ಬಾಳೆಬರೆ ಘಟ್ಟ ಹತ್ತಿ ಹುಲಿಕಲ್, ಹೊಸನಗರ, ಶಿವಮೊಗ್ಗ. ಘಟ್ಟದಲ್ಲಿ ಮುಂಗಾರು ಪೂರ್ವದ ಮಳೆ ಜೋರಾಗಿ ಹಿಡಿಯಿತು, ಚಾವಣಿಯ ಗಾಳಿಕಿಂಡಿಯಿಂದ ಹಾಸಿಗೆಯ ಮೇಲೆ ನೀರು ಸುರಿಯಿತು. ಪ್ಲಾಸ್ಟಿಕ್ ಹಾಳೆ, ಅಗಲದ ಟೇಪು ಇಟ್ಟುಕೊಳ್ಳಿ.

ಗಾಡಿ ಒಪ್ಪಿಸುವ ಮುಂಚೆ ಡಬ್ಬಿ, ಟ್ಯಾಂಕು ಎರಡನ್ನೂ ಖಾಲಿ ಮಾಡಿ, ಒಳಗೆ ತೊಳೆಸಿ, ಮತ್ತೆ ವಿಡಿಯೋ ಮಾಡಿ. ನಮ್ಮ ಗಾಡಿಯವರು ಮೀನಿನ ವಾಸನೆ ಇದೆ, ಹಾಸಿಗೆಯಲ್ಲಿ ಕಲೆ ಇದೆ ಎಂದು 8,000 ಹಿಡಿಯಲು ಹೊರಟರು. ಕಲೆ ಮೊದಲೇ ಇದ್ದದ್ದು ನನ್ನ ಮೊದಲ ದಿನದ ವಿಡಿಯೋದಲ್ಲಿತ್ತು, ಹಿತ್ತಲಲ್ಲಿ ಅಡುಗೆ ಮಾಡಿದ ಫೋಟೋಗಳೂ ಇದ್ದವು. ಎಲ್ಲ ಕಳಿಸಿ, ಚಾವಣಿ ಸೋರಿದ ವಿಡಿಯೋವನ್ನೂ ಜೊತೆಗಿಟ್ಟೆ. ಕಾದು, ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ ಒಂದು ಸಾವಿರ ಸ್ವಚ್ಛತೆಗೆಂದು ಹಿಡಿದು ಉಳಿದದ್ದು ಹಾಕಿದರು. ಎಸಿ ಎಷ್ಟು ಹೊತ್ತು ಓಡುತ್ತದೆ, ಕಿಲೋಮೀಟರ್ ಎಲ್ಲಿಂದ ಲೆಕ್ಕ, ಯಾವುದಕ್ಕೆಲ್ಲ ದುಡ್ಡು ಹಿಡಿಯುತ್ತೀರಿ, ಈ ಮೂರನ್ನೂ ಅಡ್ವಾನ್ಸ್ ಕೊಡುವ ಮುಂಚೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.